ಫಿಲ್ಟರಿನ ಧಾರೆ ಸಣ್ಣಗಾದಾಗ

ಬೆಳಿಗ್ಗೆ ಎಂಟರ ಹೊತ್ತಿಗೆ ಮಕ್ಕಳ ತಲೆ ಬಾಚಿಯಾಗಿದೆ, ಪುಸ್ತಕದ ಚೀಲ ಬಾಗಿಲ ಬಳಿ ಸಿದ್ಧವಾಗಿದೆ. ನೀರಿನ ಬಾಟಲಿ ಮಾತ್ರ ಇನ್ನೂ ಫಿಲ್ಟರಿನ ನಲ್ಲಿಯ ಕೆಳಗೇ ಇದೆ. ಬೆರಳಿನಷ್ಟು ದಪ್ಪವಾಗಿ ಬೀಳುತ್ತಿದ್ದ ಧಾರೆ ಈಗ ದಾರದಷ್ಟಾಗಿದೆ. ತಾಯಿ ಒಲೆಯ ಕಡೆಗೊಮ್ಮೆ, ಬಾಟಲಿಯ ಕಡೆಗೊಮ್ಮೆ ನೋಡುತ್ತಾಳೆ. ಕೊನೆಗೆ ಅರ್ಧ ಬಾಟಲಿ ಫಿಲ್ಟರಿನ ನೀರು, ಉಳಿದರ್ಧ ಬೋರಿನ ನೀರು ತುಂಬಿ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾಳೆ. ಮಡಕಶಿರಾ, ರಾಯದುರ್ಗದ ಕಡೆಯ ಮನೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ.

ಅಂಥ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಧಾರೆ ಸಣ್ಣಗಾದ ಮೂರನೆಯ ದಿನ ಆ ಮನೆಗೆ ಮೆಕ್ಯಾನಿಕ್ ಬರುತ್ತಾನೆ. ಮುಚ್ಚಳ ತೆಗೆದು, ಒಂದು ನಿಮಿಷ ನೋಡಿ, ತೀರ್ಪು ಕೊಡುತ್ತಾನೆ: "ಮೆಂಬ್ರೇನ್ ಹೋಗಿದೆ ಅಕ್ಕಾ, ಪಂಪೂ ವೀಕಾಗಿದೆ. ಎರಡೂ ಸೇರಿ 3,200 ಆಗುತ್ತೆ." ಮನೆಯಾಕೆಯ ಮುಖ ನೋಡಿ ಇನ್ನೊಂದು ದಾರಿಯನ್ನೂ ತೋರಿಸುತ್ತಾನೆ: "ಅಷ್ಟು ಬೇಡ ಅಂದ್ರೆ 200 ಕೊಡಿ ಅಕ್ಕಾ, ಈಗಲೇ ಜೋರಾಗಿ ಬರೋ ಹಾಗೆ ಮಾಡಿಕೊಡ್ತೀನಿ." ಆಕೆ 200 ರೂಪಾಯಿಯ ದಾರಿಯನ್ನೇ ಆರಿಸುತ್ತಾಳೆ; ಆ ಸ್ಥಿತಿಯಲ್ಲಿ ಯಾರಾದರೂ ಅದನ್ನೇ ಆರಿಸಿಯಾರು. ಯಂತ್ರದೊಳಗಿನ ಒಂದು ಪುಟ್ಟ ತಿರುಪು ಎರಡು ಸುತ್ತು ತಿರುಗುತ್ತದೆ. ಸಂಜೆಯವರೆಗೂ ತುಂಬದಿದ್ದ ತೊಟ್ಟಿ ಒಂದು ತಾಸಿನಲ್ಲಿ ತುಂಬುತ್ತದೆ. ಮನೆಯವರಿಗೆಲ್ಲ ಸಂತೋಷ. ನೀರಿನ ರುಚಿ ತುಸು ಬೇರೆಯಾಗಿದೆ ಎಂದು ಅಜ್ಜಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಜ್ಜಿಯ ನಾಲಗೆ ತಪ್ಪಿರಲಿಲ್ಲ. ಆತ ತಿರುಗಿಸಿದ್ದು ಟಿಡಿಎಸ್ ಕಂಟ್ರೋಲರ್ ಎಂಬ ಕವಾಟವನ್ನು. ಶುದ್ಧವಾದ ನೀರಿಗೆ ಶುದ್ಧವಾಗದ ನೀರನ್ನು ಸ್ವಲ್ಪ ಬೆರೆಸಿ ರುಚಿಯನ್ನೂ ಲವಣಾಂಶವನ್ನೂ ಹೊಂದಿಸುವುದಕ್ಕೆ ಅದನ್ನು ಇಟ್ಟಿರುತ್ತಾರೆ. ಅದನ್ನು ಹೆಚ್ಚು ತೆರೆದರೆ ಮೂಲ ನೀರು ಮೆಂಬ್ರೇನನ್ನು ಹಾಯದೆ ನೇರವಾಗಿ ತೊಟ್ಟಿಗೆ ಸೇರುತ್ತದೆ. ತೊಟ್ಟಿ ಬೇಗ ತುಂಬುತ್ತದೆ, ಯಂತ್ರ ಸರಿಹೋದಂತೆ ಕಾಣುತ್ತದೆ. ಆದರೆ ಮನೆಯವರು ಕುಡಿಯುತ್ತಿರುವುದು ಪಾಲುಪಾಲಾಗಿ ಬೋರಿನ ನೀರನ್ನೇ. ಬೆಳಿಗ್ಗೆ ತಾಯಿ ಗತಿಯಿಲ್ಲದೆ ಬಾಟಲಿಯಲ್ಲಿ ಮಾಡಿದ್ದ ಬೆರಕೆಯನ್ನು ಈಗ ಯಂತ್ರವೇ ಮರೆಯಲ್ಲಿ ಮಾಡುತ್ತಿದೆ.

ಬೇರೆ ಊರಿನಲ್ಲಾದರೆ ಇದು ರುಚಿಯ ಮಾತಾಗಿ ಮುಗಿಯಬಹುದಿತ್ತು. ಈ ಸೀಮೆಯಲ್ಲಿ ಹಾಗಲ್ಲ. ಅವಿಭಜಿತ ಅನಂತಪುರ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಹಳೆಯ ಸಂಗತಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಎರಡು ಕಡೆಯ ಬೋರೂ ಇಳಿಯುವುದು ಅದೇ ಗ್ರಾನೈಟ್ ಬಂಡೆಗೆ. ಗಡಿಯಾಚೆಯ ಪಾವಗಡದ ನೀರೂ ಇದೇ ಜಾತಿಯದು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು. ಮಿತಿ ಮೀರಿದ ನೀರನ್ನು ಎಳವೆಯಲ್ಲಿ, ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವ ವರ್ಷಗಳಲ್ಲಿ, ಬಹುಕಾಲ ಕುಡಿದರೆ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಕಲೆಗಳು ಮೂಡುತ್ತವೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಅಪಾಯ ಹೆಚ್ಚು. ಆ ಕಲೆಗಳನ್ನು ಯಾವ ಹಲ್ಲುಪುಡಿಯೂ ತೊಳೆಯಲಾರದು. ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ದೇಹ ಸೇರಿದರೆ ಮೂಳೆ, ಕೀಲುಗಳಿಗೂ ಕಾಟ ತಪ್ಪದು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಯುವಿ ದೀಪ ಕ್ರಿಮಿಗಳನ್ನು ನಿಷ್ಕ್ರಿಯಗೊಳಿಸುತ್ತದೆಯೇ ಹೊರತು ಫ್ಲೋರೈಡನ್ನು ಮುಟ್ಟುವುದಿಲ್ಲ. ಕ್ಲೋರಿನ್ನಿಗೂ ವಾಸನೆಗೂ ಇಟ್ಟಿರುವ ಕಾರ್ಬನ್ ಕಾರ್ಟ್ರಿಜ್ಜನ್ನು ಈ ಕೆಲಸಕ್ಕೆ ನಂಬುವಂತಿಲ್ಲ. ಮನೆಯ ಯಂತ್ರದಲ್ಲಿ ಅದರ ಬಹುಪಾಲನ್ನು ತಡೆಯುವುದು ಆರ್‌ಓ ಮೆಂಬ್ರೇನ್ ಒಂದೇ. ಹೀಗಿರುವಾಗ ಮೆಂಬ್ರೇನನ್ನು ಬಳಸಿಕೊಂಡು ಬರುವ ನೀರಿನ ಲೆಕ್ಕ ನೋಡಬೇಕು. ಬೋರಿನ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ, ಮೆಂಬ್ರೇನ್ ಅದನ್ನು 0.3ಕ್ಕೆ ಇಳಿಸುತ್ತದೆ ಎಂದುಕೊಳ್ಳೋಣ. ಕವಾಟದ ಮೂಲಕ ಕಾಲುಭಾಗ ಮೂಲ ನೀರು ಬೆರೆತರೆ ತೊಟ್ಟಿಯಲ್ಲಿ ಸುಮಾರು 0.98 ಆಗುತ್ತದೆ, ಮಿತಿಯ ಅಂಚಿಗೆ ಬರುತ್ತದೆ. ಅರ್ಧಭಾಗ ಬೆರೆತರೆ 1.65 ಆಗುತ್ತದೆ, ಸಹಿಸಬಹುದಾದ ಮಿತಿಯನ್ನೂ ದಾಟುತ್ತದೆ. 200 ರೂಪಾಯಿಯ ದುರಸ್ತಿಯಲ್ಲಿ ಆ ಮನೆ ಕೊಂಡುಕೊಂಡದ್ದು ಇದನ್ನು.

ಆದಕಾರಣ ನೀರು ನಿಧಾನವಾದರೆ ಗಾಬರಿ ಬೇಡ. ನಿಧಾನವಾದ ಯಂತ್ರ ತನ್ನೊಳಗೆ ಎಲ್ಲಿಯೋ ಅಡ್ಡಿಯಿದೆ ಎಂದು ತಿಳಿಸುತ್ತಿರುತ್ತದೆ, ಅಷ್ಟೇ. ಕಾರಣ ಹೇಳದೆ ಇದ್ದಕ್ಕಿದ್ದಂತೆ ಜೋರಾದ ಯಂತ್ರದ ಬಗ್ಗೆ ಹೆಚ್ಚು ಅನುಮಾನ ಬೇಕು.

ಅಡ್ಡಿಯನ್ನು ಹುಡುಕುವ ಕೆಲಸದ ಬಹುಭಾಗ ಮನೆಯವರ ಕೈಯಲ್ಲೇ ಇದೆ. ಮೊದಲು ಎರಡು ಬಗೆಯ ನಿಧಾನವನ್ನು ಬೇರ್ಪಡಿಸಬೇಕು. ತೊಟ್ಟಿಯಲ್ಲಿ ನೀರು ತುಂಬಿದ್ದೂ ನಲ್ಲಿಯಲ್ಲಿ ಸಣ್ಣಗೆ ಬಂದರೆ ದೋಷ ನಲ್ಲಿಯಲ್ಲೋ ತೊಟ್ಟಿಯ ಬಾಯಲ್ಲೋ ಇರುತ್ತದೆ: ಸುಣ್ಣದಂಥ ಬಿಳಿಯ ಪದರ ಕಟ್ಟಿರಬಹುದು, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ನಲ್ಲಿಯನ್ನು ಬಿಚ್ಚಿ ನಿಂಬೆರಸದಲ್ಲಿ ನೆನೆಯಿಟ್ಟು ತೊಳೆದರೆ ಸಾಮಾನ್ಯವಾಗಿ ಸಾಕು. ತೊಟ್ಟಿಯ ನೀರಿನ ಮಟ್ಟ ಇಳಿದಂತೆ ನಲ್ಲಿಯ ಧಾರೆ ಸಣ್ಣಗಾಗುವುದು ದೋಷವೇ ಅಲ್ಲ. ತೊಟ್ಟಿಯೇ ತುಂಬುತ್ತಿಲ್ಲ ಎಂದಾದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

ಆ ಪರೀಕ್ಷೆಗೆ ಬೇಕಾದದ್ದು ಒಂದು ಲೀಟರಿನ ಅಳತೆಯ ಪಾತ್ರೆ, ಒಂದು ಬಕೆಟ್, ಗಡಿಯಾರ. ಎಂಟನೆಯ ತರಗತಿಯ ಮಗು ಜೊತೆಗಿದ್ದರೆ ಇನ್ನೂ ಒಳ್ಳೆಯದು; ಲೆಕ್ಕ ಬರೆದುಕೊಳ್ಳುತ್ತದೆ. ಮೆಂಬ್ರೇನಿನ ಮೇಲೆ 75 ಅಥವಾ 80 ಜಿಪಿಡಿ ಎಂದು ಬರೆದಿರುತ್ತದೆ. ದಿನವೊಂದಕ್ಕೆ ಅಷ್ಟು ಗ್ಯಾಲನ್ ಎಂದು ಅದರ ಅರ್ಥ. 75 ಗ್ಯಾಲನ್ ಎಂದರೆ ಸುಮಾರು 284 ಲೀಟರ್, ಗಂಟೆಗೆ ಹೆಚ್ಚುಕಡಿಮೆ 12 ಲೀಟರ್, ಲೀಟರಿಗೆ ಐದು ನಿಮಿಷ. ಇದು ಕಾರ್ಖಾನೆಯವರು ನಿಗದಿಪಡಿಸಿದ ಒತ್ತಡದಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಲವಣ ಕಡಿಮೆಯಿರುವ ನೀರಿನಲ್ಲಿ ಸಿಗುವ ಲೆಕ್ಕ. ಮನೆಯಲ್ಲಿ ಅಷ್ಟು ಸಿಗುವುದಿಲ್ಲ. ನೀರು ಒಂದು ಡಿಗ್ರಿ ತಣ್ಣಗಾದರೆ ಇಳುವರಿ ಸುಮಾರು ಶೇಕಡಾ 3ರಷ್ಟು ಇಳಿಯುತ್ತದೆ. ಪುಷ್ಯದ ಚಳಿಯಲ್ಲಿ ಯಂತ್ರ ಸೋಮಾರಿಯಾಗುವುದು ಇದರಿಂದಲೇ. ನೀರಿನ ಲವಣ ಹೆಚ್ಚಿದಷ್ಟೂ ಪಂಪಿನ ಒತ್ತಡದ ಒಂದು ಪಾಲು ಆ ಲವಣವನ್ನು ಎದುರಿಸುವುದಕ್ಕೇ ವೆಚ್ಚವಾಗುತ್ತದೆ. ಬೇಸಿಗೆಯಲ್ಲಿ ಬೋರಿನ ಮಟ್ಟ ಕುಸಿದು ನೀರು ಗಡುಸಾದಾಗ ಧಾರೆ ತುಸು ಇಳಿದರೆ ಅದು ಕೂಡ ಸಹಜ. ಆದರೆ ಏಳು ನಿಮಿಷಕ್ಕೆ ಬರುತ್ತಿದ್ದ ಲೀಟರು ಹದಿನೈದು ನಿಮಿಷಕ್ಕೆ ಹೋದರೆ ಅದಕ್ಕೆ ಹವೆಯನ್ನಾಗಲಿ ಬೇಸಿಗೆಯನ್ನಾಗಲಿ ದೂರಿ ಪ್ರಯೋಜನವಿಲ್ಲ.

ಯಂತ್ರದಿಂದ ಎರಡು ಕೊಳವೆಗಳು ಹೊರಡುತ್ತವೆ. ಒಂದು ಶುದ್ಧ ನೀರನ್ನು ತೊಟ್ಟಿಗೆ ಒಯ್ಯುತ್ತದೆ, ಇನ್ನೊಂದು ಲವಣ ತುಂಬಿದ ನೀರನ್ನು ಹೊರಗೆ ಬಿಡುತ್ತದೆ. ಎರಡನೆಯದನ್ನು ಎಲ್ಲರೂ ವೇಸ್ಟ್ ಪೈಪು ಎನ್ನುತ್ತಾರೆ. ಯಂತ್ರ ಓಡುತ್ತಿರುವಾಗ ಈ ಪೈಪಿನ ನೀರನ್ನೂ ಒಂದು ನಿಮಿಷ ಹಿಡಿದು ಅಳೆಯಬೇಕು. ಮೆಕ್ಯಾನಿಕ್ಕಿನ ತೀರ್ಪು ಸರಿಯೋ ತಪ್ಪೋ ಎಂಬುದಕ್ಕೆ ಸಾಕ್ಷಿ ಇಲ್ಲಿ ಸಿಗುತ್ತದೆ.

ಶುದ್ಧ ನೀರೂ ಕಡಿಮೆ, ವೇಸ್ಟ್ ನೀರೂ ಕಡಿಮೆ ಎಂದಾದರೆ ಮೆಂಬ್ರೇನಿನ ಮೇಲೆ ಅಪವಾದ ಹೊರಿಸುವುದು ಅವಸರದ ಮಾತು. ಯಂತ್ರದೊಳಕ್ಕೆ ನೀರೇ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಪಂಪು ತಳ್ಳುತ್ತಿಲ್ಲ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ಗೋಡೆಯ ಮೇಲಿನ ಒಳಹರಿವಿನ ಪುಟ್ಟ ನಲ್ಲಿಯನ್ನು ಯಾರೋ ಅರ್ಧ ತಿರುಗಿಸಿರುತ್ತಾರೆ, ಕೊಳವೆ ಮಡಚಿಕೊಂಡಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ, ಯಂತ್ರದ ಹೊರಗೆ ಬಟ್ಟಲಿನೊಳಗಿರುವ ಮೊದಲ ಫಿಲ್ಟರು, ಜನ ಕ್ಯಾಂಡಲ್ ಎನ್ನುವ ಬಿಳಿಯ ನೂಲಿನ ಸುರುಳಿಯಂಥದು, ಮಣ್ಣಿನಿಂದ ಮುಚ್ಚಿಹೋಗಿರುತ್ತದೆ. ನಿಂತಿದ್ದ ಬೋರು ಮತ್ತೆ ಶುರುವಾದ ವಾರದಲ್ಲಿ, ಮೇಲಿನ ಟ್ಯಾಂಕ್ ತೊಳೆದ ಮರುದಿನ, ಪೈಪ್‌ಲೈನ್ ಒಡೆದು ದುರಸ್ತಿಯಾದ ಮೇಲೆ ಹೀಗಾಗುವುದು ಹೆಚ್ಚು. ಬಿಳಿ ಹೋಗಿ ಕಾವಿ ಬಣ್ಣ ಬಂದಿದ್ದರೆ ಅದರ ಕಾಲ ಮುಗಿದಿದೆ. ಹೊಸ ಕ್ಯಾಂಡಲಿಗೆ ಕೆಲವು ನೂರು ರೂಪಾಯಿಗಿಂತ ಹೆಚ್ಚಾಗದು.

ಅದನ್ನು ಪರೀಕ್ಷಿಸುವ ಬಗೆ ಹೀಗೆ. ಪ್ಲಗ್ಗನ್ನು ಕಿತ್ತು, ಒಳಹರಿವಿನ ನಲ್ಲಿಯನ್ನು ಮುಚ್ಚಿ, ಕ್ಯಾಂಡಲಿನ ಬಟ್ಟಲಿನಿಂದ ಯಂತ್ರಕ್ಕೆ ಹೋಗುವ ಕೊಳವೆಯನ್ನು ಕಳಚಿ ಬಕೆಟ್ಟಿಗೆ ಹಿಡಿಯಬೇಕು. ನಲ್ಲಿ ತೆರೆದರೆ ಒಂದು ನಿಮಿಷಕ್ಕೆ ಒಂದು ಲೀಟರಾದರೂ ಬೀಳಬೇಕು. ಬೀಳದಿದ್ದರೆ ಬಟ್ಟಲನ್ನು ತಿರುಗಿಸಿ ತೆರೆದು, ಕ್ಯಾಂಡಲನ್ನು ಹೊರತೆಗೆದು, ಬಟ್ಟಲು ಮುಚ್ಚಿ ಮತ್ತೆ ಅಳೆಯಬೇಕು. ಈಗ ಭರದಿಂದ ಬಂದರೆ ಅಪರಾಧಿ ಕ್ಯಾಂಡಲೇ. ಆಗಲೂ ಬಾರದಿದ್ದರೆ ದೋಷ ಮೇಲಿನ ಟ್ಯಾಂಕಿನಿಂದ ಬರುವ ಕೊಳವೆಯಲ್ಲಿದೆ. ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು: ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಒಂದೇ ಅಂತಸ್ತಿನ ಮನೆಯ ಮಾಳಿಗೆಯ ಮೇಲೆ ನೇರವಾಗಿ ಕೂರಿಸಿದ ಟ್ಯಾಂಕು ಅಡುಗೆಮನೆಯ ಯಂತ್ರಕ್ಕಿಂತ ಎರಡು ಮೂರು ಮೀಟರ್ ಎತ್ತರದಲ್ಲಿರುತ್ತದೆ. ಅದರ ಒತ್ತಡ ಈ ಲೆಕ್ಕದ ಕಾಲುಭಾಗದಷ್ಟು. ಅಷ್ಟು ಕಡಿಮೆ ಒತ್ತಡಕ್ಕೆ ಸ್ವಲ್ಪ ಕೆಸರೂ ದೊಡ್ಡ ಅಡ್ಡಿಯೇ. ಕೆಲಸ ಮುಗಿದ ಮೇಲೆ ಬಟ್ಟಲಿನ ರಬ್ಬರ್ ಉಂಗುರವನ್ನು ಸರಿಯಾಗಿ ಕೂರಿಸಬೇಕು. ಕ್ಯಾಂಡಲ್ ಇಲ್ಲದೆ ಯಂತ್ರವನ್ನು ಓಡಿಸಬಾರದು. ಆ ಮಣ್ಣೆಲ್ಲ ಒಳಗಿನ ಕಾರ್ಟ್ರಿಜ್ಜಿಗೆ ಹೋಗುತ್ತದೆ.

ಒಳಹರಿವು ಚೆನ್ನಾಗಿದ್ದೂ ಎರಡು ಪೈಪುಗಳಲ್ಲಿ ನೀರು ಕಡಿಮೆಯಿದ್ದರೆ ಒಳಗಿನ ಕಾರ್ಟ್ರಿಜ್‌ಗಳು, ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ಕವಾಟ, ಪಂಪು, ಪಂಪಿಗೆ ವಿದ್ಯುತ್ ಕೊಡುವ ಅಡಾಪ್ಟರ್ ಇವುಗಳಲ್ಲಿ ಒಂದು ಸೋತಿದೆ. ಇದು ಮೆಕ್ಯಾನಿಕ್ಕಿನ ಕೆಲಸ. ಪಂಪು ಕೆಟ್ಟಿತೆಂದು ಅನೇಕ ಸಲ ಹೇಳುವುದು ಅಡಾಪ್ಟರಿನ ದೋಷವನ್ನು ಎಂಬಷ್ಟು ತಿಳಿದಿದ್ದು, ಮೊದಲು ಅಡಾಪ್ಟರನ್ನು ಅಳೆದು ನೋಡಲು ಹೇಳಬಹುದು.

ಶುದ್ಧ ನೀರು ಮಾತ್ರ ಕಡಿಮೆ, ವೇಸ್ಟ್ ನೀರು ಎಂದಿನಂತೆ ಅಥವಾ ಹೆಚ್ಚು ಎಂದಾದರೆ ಮೆಂಬ್ರೇನಿನ ಮೇಲಿನ ಅನುಮಾನಕ್ಕೆ ಆಧಾರವಿದೆ. ಗಡಸು ನೀರಿನ ಸುಣ್ಣ ಅದರ ಮೇಲೆ ಪದರವಾಗಿ ಕೂತಿರಬಹುದು. ವೇಸ್ಟ್ ಪೈಪಿನಲ್ಲಿರುವ ಫ್ಲೋ ರೆಸ್ಟ್ರಿಕ್ಟರ್ ಎಂಬ ಪುಟ್ಟ ತಡೆ ಸಡಿಲವಾಗಿ ಒತ್ತಡ ನಿಲ್ಲದೆ ಹೋಗುತ್ತಿರುವ ಸಾಧ್ಯತೆಯೂ ಇದೆ. ಅದರ ಬೆಲೆ ಮೆಂಬ್ರೇನಿನ ಬೆಲೆಯ ಸಣ್ಣದೊಂದು ಪಾಲು. ಆದ್ದರಿಂದ ಮೆಂಬ್ರೇನಿಗೆ ಹಣ ಕೊಡುವ ಮೊದಲು ಆ ತಡೆಯನ್ನು ಬದಲಿಸಿ ನೋಡು ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ನೀರು ವ್ಯರ್ಥವಾಗುತ್ತದೆಂಬ ಸಂಕಟದಿಂದ ಕೆಲವರು ವೇಸ್ಟ್ ಪೈಪನ್ನು ಮಡಚಿ ದಾರ ಕಟ್ಟುತ್ತಾರೆ. ಕೆಲವು ಮೆಕ್ಯಾನಿಕ್‌ಗಳೂ ಇದೇ ಉಪಾಯ ಮಾಡುತ್ತಾರೆ. ಒತ್ತಡ ಏರಿ ಶುದ್ಧ ನೀರು ಕೂಡಲೇ ಹೆಚ್ಚುತ್ತದೆ, ನಿಜ. ಆದರೆ ಹೊರಹೋಗಬೇಕಾದ ಲವಣ ಮೆಂಬ್ರೇನಿನ ಮೇಲೆಯೇ ನಿಲ್ಲುತ್ತದೆ, ವರ್ಷಗಟ್ಟಲೆ ಬಾಳಬೇಕಾದದ್ದು ಕೆಲವೇ ತಿಂಗಳಲ್ಲಿ ಕಲ್ಲುಕಟ್ಟುತ್ತದೆ. ಬರದ ಸೀಮೆಯಲ್ಲಿ ನೀರು ಚೆಲ್ಲಲು ಮನಸ್ಸು ಒಪ್ಪದಿರುವುದು ಅರ್ಥವಾಗುವ ಮಾತು. ಆ ನೀರನ್ನು ಕೊಡದಲ್ಲಿ ಹಿಡಿದು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಿದರೆ ಸರಿ. ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿಗೆ ಉಪ್ಪೇರುತ್ತದೆ. ಕುಡಿಯಲು, ಅಡುಗೆಗೆ ಅದನ್ನು ಬಳಸಲೇಬಾರದು, ಫ್ಲೋರೈಡೂ ಅದರಲ್ಲೇ ಹೆಚ್ಚಿರುತ್ತದೆ.

ಮೆಂಬ್ರೇನನ್ನು ಹಾಳುಮಾಡುವ ಮತ್ತೊಂದು ಸಂದರ್ಭ ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವ ದಿನ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಮೆಂಬ್ರೇನ್ ಕ್ಲೋರಿನ್ನನ್ನು ಸಹಿಸುವುದಿಲ್ಲ. ಅದನ್ನು ತಡೆಯಲೆಂದೇ ಮುಂದೆ ಕಾರ್ಬನ್ ಕಾರ್ಟ್ರಿಜ್ ಇದೆ. ಅದು ಸವೆದಿದ್ದರೆ ಅಥವಾ ಕ್ಲೋರಿನ್ ಅತಿಯಾದರೆ ಮೆಂಬ್ರೇನ್ ಶಿಥಿಲವಾಗುತ್ತದೆ. ಆಗ ನೀರು ನಿಧಾನವಾಗುವ ಬದಲು ಜೋರಾಗುತ್ತದೆ, ಲವಣ ಸೋರಿಬರುತ್ತದೆ. ಹಬ್ಬಕ್ಕೆ ಟ್ಯಾಂಕ್ ತೊಳೆದ ಮೇಲೆ ಫಿಲ್ಟರಿಗೆ ಹೊಸ ಹುರುಪು ಬಂತೆಂದು ಸಂತೋಷಪಡುವವರು ಇದನ್ನು ಗಮನಿಸಬೇಕು. ಟ್ಯಾಂಕ್ ತೊಳೆಯುವ ಮೊದಲು ಯಂತ್ರದ ಒಳಹರಿವನ್ನು ಮುಚ್ಚಿ, ಬ್ಲೀಚಿಂಗ್ ನೀರೆಲ್ಲ ಹರಿದುಹೋದ ಮೇಲೆ ತೆರೆದರೆ ತೊಂದರೆಯಿಲ್ಲ.

ಜೋರು ಧಾರೆಯ ನಿಜಬಣ್ಣ ತಿಳಿಯಲು ಟಿಡಿಎಸ್ ಪೆನ್ ಎಂಬ ಪುಟ್ಟ ಉಪಕರಣ ಸಾಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ನಡೆಯುತ್ತದೆ. ಬೋರಿನ ನೀರು 1,200, ಫಿಲ್ಟರಿನ ನೀರು 100 ತೋರಿಸಿದರೆ ಮೆಂಬ್ರೇನ್ ಶೇಕಡಾ 90ಕ್ಕಿಂತ ಹೆಚ್ಚು ಲವಣವನ್ನು ತಡೆಯುತ್ತಿದೆ. ಅದು ನಿಧಾನವಾಗಿದ್ದರೂ ಸತ್ತಿಲ್ಲ. ಹೋದ ತಿಂಗಳು 100 ಇದ್ದದ್ದು ದುರಸ್ತಿಯ ಮರುದಿನ 600 ಆದರೆ ಮೆಂಬ್ರೇನ್ ಹರಿದಿದೆ, ಇಲ್ಲವೇ ಕವಾಟ ತೆರೆದಿದೆ. ಆದರೆ ಈ ಪೆನ್ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆಯೇ ಹೊರತು ಫ್ಲೋರೈಡನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ. ಟಿಡಿಎಸ್ 450 ಇದ್ದೂ ಫ್ಲೋರೈಡ್ 2 ಇರುವ ನೀರು ಇರಬಹುದು. ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಸರ್ಕಾರಕ್ಕೆ ನಿರ್ದೇಶಿಸಿತ್ತು. ನೀರು ಪೋಲಾಗುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೂ ಫ್ಲೋರೈಡ್ ಸೀಮೆಯ ಮನೆಯವರು ಒಂದೇ ಅಂಕಿಯನ್ನು ನೋಡಿ ಆರ್‌ಓ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸರಿಯಲ್ಲ.

ಫ್ಲೋರೈಡಿಗೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಜಲ ಜೀವನ್ ಮಿಷನ್ ಬಂದ ಮೇಲೆ ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕಕ್ಕೆ ನೀರು ಪರೀಕ್ಷಿಸಿಕೊಳ್ಳಬಹುದು. ಎರಡು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಬೋರಿನ ನೀರು ಮತ್ತು ಫಿಲ್ಟರಿನ ನೀರನ್ನು ಬೇರೆಬೇರೆಯಾಗಿ ತುಂಬಿ, ಚೀಟಿ ಅಂಟಿಸಿ ಕೊಡಬೇಕು. ಒಂದೇ ಬಾಟಲಿ ಕೊಟ್ಟರೆ ಯಂತ್ರ ಏನು ಮಾಡುತ್ತಿದೆ ಎಂಬುದು ತಿಳಿಯುವುದಿಲ್ಲ. ಗ್ರಾಮ ಸಚಿವಾಲಯಕ್ಕೋ ಇಲಾಖೆಗೋ ಅರ್ಜಿ ಬರೆಯಬೇಕಾದಾಗ ತೆಲುಗು ಬರವಣಿಗೆ ಬಾರದೆಂದು ಹಿಂಜರಿಯುವವರಿದ್ದಾರೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆ ಮಟ್ಟಿಗೆ ಅದು ಜಿಪುಣತನ ತೋರಿದೆ.

ಇನ್ನು ಹಣದ ವಿಷಯ. ಆ ಮೆಕ್ಯಾನಿಕ್ಕನ್ನು ಖಳನೆಂದು ಚಿತ್ರಿಸುವ ಅಗತ್ಯವಿಲ್ಲ. ದಿನಕ್ಕೆ ಹಲವು ಮನೆ ಸುತ್ತುವವನಿಗೆ ಬಕೆಟ್ ಹಿಡಿದು ಅಳೆಯಲು ಪುರಸತ್ತಿಲ್ಲ. ಬಿಡಿಭಾಗ ಮಾರಿದರೆ ಸಿಗುವ ಕಮಿಷನ್ನು ಪರೀಕ್ಷೆ ಮಾಡಿದರೆ ಸಿಗುವುದಿಲ್ಲ. ಆದರೆ ಕಾನೂನು ಸೇವೆ ಕೊಟ್ಟವನ ಪುರಸತ್ತನ್ನು ಲೆಕ್ಕಿಸುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಹಣ ಪಡೆದು ಕೊಡುವ ಸೇವೆಯ ಗುಣಮಟ್ಟದಲ್ಲಿನ ಕೊರತೆ, ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು, ಎರಡೂ ಸೇವಾ ನ್ಯೂನತೆಯ ವ್ಯಾಖ್ಯೆಯೊಳಗೆ ಬರುತ್ತವೆ. ಕವಾಟ ತೆರೆದು ನೀರು ಬೆರೆಸಿದ್ದೇನೆ ಎಂದು ಹೇಳದಿರುವುದು ಸಣ್ಣ ಮರೆವೆಂದು ಬಿಡುವ ವಿಷಯವಲ್ಲ. ನಿಯಮದಂತೆ ಬಿಲ್ ಕೊಡದಿರುವುದನ್ನು ಇದೇ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ.

ಬಿಲ್ಲು ಕೇಳಲು ಸಂಕೋಚಪಡುವವರೇ ಹೆಚ್ಚು. ಫೋನಿನಲ್ಲಿ ಹಣ ಕಳುಹಿಸಿದ ಗುರುತು ಇದೆಯಲ್ಲ ಎನ್ನುತ್ತಾರೆ. ಹಣ ಹೋಯಿತೆಂಬುದಕ್ಕೆ ಅದು ಸಾಕ್ಷಿ. ಯಾವ ಕೆಲಸಕ್ಕೆ, ಯಾವ ಬಿಡಿಭಾಗಕ್ಕೆ ಹೋಯಿತೆಂಬುದಕ್ಕೆ ಅಲ್ಲ. ಬಿಲ್ಲಿನಲ್ಲಿ ದಿನಾಂಕ, ಬದಲಿಸಿದ ಭಾಗದ ಹೆಸರು, ಅದರ ಖಾತರಿಯ ಅವಧಿ ಇರಬೇಕು. ಹಣ ಕೊಟ್ಟು ಬದಲಿಸಿದ ಹಳೆಯ ಭಾಗವನ್ನು ಮನೆಯಲ್ಲೇ ಬಿಟ್ಟುಹೋಗಲು ಹೇಳಬೇಕು; ಅದು ಕೆಟ್ಟಿತ್ತೇ ಇಲ್ಲವೇ ಎಂಬ ಪ್ರಶ್ನೆ ಎದ್ದರೆ ತೋರಿಸಲು ಬೇರೇನೂ ಇರುವುದಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೆಂಬ್ರೇನ್ ಅದರಲ್ಲಿ ಸೇರಿದೆಯೇ ಎಂದು ಓದಬೇಕು. ಅಗ್ಗದ ಒಪ್ಪಂದಗಳಲ್ಲಿ ಸೇರದಿರುವುದೇ ಹೆಚ್ಚು. ಖಾತರಿಯ ಅವಧಿಯಲ್ಲಿ ಯಂತ್ರದ ಒಳಭಾಗವನ್ನು ತಾವೇ ಬಿಚ್ಚದಿರುವುದು ಕ್ಷೇಮ. ಹೊರಗಿನ ಕ್ಯಾಂಡಲಿಗೆ ಮಾತ್ರ ಕೈಹಾಕಬಹುದು.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ದೂರು ಹೇಳಿಕೊಳ್ಳುವ ಅವಕಾಶವಿದೆ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ ಹೈದರಾಬಾದಿನಲ್ಲಿರಲಿ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಈ ಕಾಯಿದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. 3,200 ರೂಪಾಯಿಗಾಗಿ ಯಾರು ಅಲೆದಾಡುತ್ತಾರೆ ಎಂಬ ಪ್ರಶ್ನೆ ಸಹಜವೇ. ಹಾಗಾಗಿ ಮೊದಲು ಕಂಪನಿಗೆ ದಿನಾಂಕ, ಅಳತೆಗಳೊಂದಿಗೆ ಲಿಖಿತವಾಗಿ ದೂರುವುದು ಒಳ್ಳೆಯದು. ಬರಿಯ ಗೊಣಗಾಟಕ್ಕೆ ಓಗೊಡದವರೂ ಅಂಕಿಗಳಿರುವ ಪತ್ರಕ್ಕೆ ಉತ್ತರ ಕೊಡಬೇಕಾಗುತ್ತದೆ.

ಉದಾಹರಣೆಯ ಆ ಮನೆಗೆ ಮರಳುವುದಾದರೆ, ಅಲ್ಲಿನ ಹಿರಿಯ ಮಗಳು ವಿಜ್ಞಾನದ ಮೇಷ್ಟ್ರಲ್ಲಿ ಟಿಡಿಎಸ್ ಪೆನ್ ಕೇಳಿ ತಂದಳು ಎಂದುಕೊಳ್ಳೋಣ. ಬೋರಿನ ನೀರು 1,240, ಫಿಲ್ಟರಿನದು 610. ತಿರುಗಿಸಿದ್ದ ಕವಾಟವನ್ನು ಹಿಂದಕ್ಕೆ ತಿರುಗಿಸಿ ಮುಚ್ಚಿ, ತೊಟ್ಟಿ ಖಾಲಿ ಮಾಡಿ ಮತ್ತೆ ತುಂಬಿದಾಗ 95. ಮೆಂಬ್ರೇನ್ ಕೆಟ್ಟಿರಲಿಲ್ಲ. ಧಾರೆ ಮಾತ್ರ ಮತ್ತೆ ದಾರದಷ್ಟಾಯಿತು. ವೇಸ್ಟ್ ಪೈಪಿನ ನೀರೂ ಅಷ್ಟೇ ಸಣ್ಣಗಿತ್ತು. ಹೊರಗಿನ ಬಟ್ಟಲು ಬಿಚ್ಚಿದರೆ ಕ್ಯಾಂಡಲು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೊಸದನ್ನು ಹಾಕಿದ ಮೇಲೆ ಲೀಟರಿಗೆ ಏಳು ನಿಮಿಷ. ಮೆಕ್ಯಾನಿಕ್ ಮುಂದಿನ ಸಲ ಬಂದಾಗ ಆಕೆ ಅವನಿಗೆ ಚಹಾ ಕೊಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ಬರೆದಿಟ್ಟ ಅಂಕಿಗಳನ್ನು ತೋರಿಸಿದಳು. ಅದೇ ವಾರ ಚೀಟಿ ಅಂಟಿಸಿದ ಎರಡು ಬಾಟಲಿಗಳು ಪ್ರಯೋಗಾಲಯಕ್ಕೆ ಹೋದವು.